ಫೋಟೊ ಜರ್ನಲಿಸಂ ವಿದ್ಯಾರ್ಥಿಯ ಪೋರ್ಟ್‌ಫೋಲಿಯೊ: ಪದೇ ಪದೇ ಕೇಳುವ ಪ್ರಶ್ನೆಗಳು

ಪತ್ರಿಕೋದ್ಯಮ ಓದುವವರು ಕೊನೆಯ ಸೆಮಿಸ್ಟರಿಗೆ ಬರುವ ಹೊತ್ತಿಗೆ ಅವರ ಹಾರ್ಡ್ ಡಿಸ್ಕ್‌ನಲ್ಲಿ ಸಾವಿರಾರು ಚಿತ್ರಗಳು ಸೇರಿರುತ್ತವೆ. ಕೆಲಸ ಕೇಳುವಾಗ ತೋರಿಸುವ ಪೋರ್ಟ್‌ಫೋಲಿಯೊಗೆ ಅವುಗಳಲ್ಲಿ ಯಾವುದನ್ನು ಉಳಿಸಬೇಕು, ಉಳಿಸಿದ್ದನ್ನು ಸುದ್ದಿ, ನುಡಿಚಿತ್ರ (ಫೀಚರ್), ವ್ಯಕ್ತಿಚಿತ್ರ, ಕ್ರೀಡೆ, ಚಿತ್ರಕಥನ (ಒಂದೇ ಕಥೆ ಹೇಳುವ ಚಿತ್ರಗಳ ಸರಣಿ) ಎಂಬ ವಿಭಾಗಗಳಲ್ಲಿ ಹೇಗೆ ಜೋಡಿಸಬೇಕು ಎಂಬ ಪ್ರಶ್ನೆ ಎದುರಾದಾಗ ಗೊಂದಲ ಶುರುವಾಗುತ್ತದೆ. ವಿದ್ಯಾರ್ಥಿಗಳ ಚಿತ್ರಗಳನ್ನು ಹಲವು ವರ್ಷ ನೋಡಿ, ಆರಿಸಿ, ಕೆಲವೊಮ್ಮೆ ಅವರೊಂದಿಗೆ ವಾದಕ್ಕೂ ಇಳಿದ ಅನುಭವದಿಂದ ಈ ಉತ್ತರಗಳನ್ನು ಬರೆದಿದ್ದೇನೆ.

ಪ್ರಶ್ನೆ: ವಿಭಾಗಗಳು ಏಕೆ ಬೇಕು? ಒಳ್ಳೆಯ ಚಿತ್ರಗಳನ್ನೆಲ್ಲ ಒಟ್ಟಿಗೆ ಇಟ್ಟರೆ ಸಾಲದೇ?

ಸಾಲದು. ವಿಭಾಗವೆಂಬುದು ಬರೀ ವಿಷಯದ ಹೆಸರಲ್ಲ. ಆ ಚಿತ್ರದೊಳಗೆ ಛಾಯಾಗ್ರಾಹಕರ ಕೈ ಎಷ್ಟರಮಟ್ಟಿಗೆ ಸೇರಿದೆ ಎಂಬುದರ ಬಗ್ಗೆ ಓದುಗರಿಗೆ ಕೊಟ್ಟ ಮಾತು. ಸುದ್ದಿಚಿತ್ರದಲ್ಲಿ ಒಂದು ಕುರ್ಚಿಯನ್ನೂ ಸರಿಸುವಂತಿಲ್ಲ. ವ್ಯಕ್ತಿಚಿತ್ರದಲ್ಲಿ ‘ಸ್ವಲ್ಪ ಕಿಟಕಿಯ ಕಡೆ ತಿರುಗಿ’ ಎಂದು ಕೇಳಬಹುದು. ಪುರವಣಿಯ ಲೇಖನಕ್ಕಾಗಿ ತೆಗೆಯುವ ಸಾಂದರ್ಭಿಕ ಚಿತ್ರದಲ್ಲಿ ಇಡೀ ದೃಶ್ಯವನ್ನೇ ಕಟ್ಟಬಹುದು, ಆದರೆ ಕಟ್ಟಿದ್ದೆಂದು ಹೇಳಬೇಕು. ಈ ಮೂರನ್ನೂ ಗುರುತು ಹಾಕದೆ ಕಲಸಿಟ್ಟರೆ, ನೋಡುವ ಚಿತ್ರ ಸಂಪಾದಕರಿಗೆ ಯಾವುದನ್ನು ನಂಬಬೇಕು ಎಂಬ ಅನುಮಾನ ಹುಟ್ಟುತ್ತದೆ. ಒಮ್ಮೆ ಹುಟ್ಟಿದ ಅನುಮಾನ ನಿಮ್ಮ ಅತ್ಯುತ್ತಮ ಸುದ್ದಿಚಿತ್ರವನ್ನೂ ಬಿಡುವುದಿಲ್ಲ.

ಒಂದೇ ಘಟನೆ ಹಲವು ವಿಭಾಗಗಳಿಗೆ ಸೇರಬಹುದು ಎಂಬುದನ್ನೂ ಗಮನಿಸಿ. ಕರಾವಳಿಯ ಕಂಬಳದಲ್ಲಿ ಕೆಸರು ಸೀಳಿಕೊಂಡು ಬರುವ ಕೋಣಗಳ ಓಟ ಕ್ರೀಡಾಚಿತ್ರ. ಓಟ ಮುಗಿದ ಮೇಲೆ ಕೋಣಗಳ ಮೈ ತೊಳೆಯುವ ಹುಡುಗ ನುಡಿಚಿತ್ರಕ್ಕೆ ಸೇರುತ್ತಾನೆ. ಓಟಗಾರನ ಕೈಯಲ್ಲಿನ ಬೆತ್ತವನ್ನೇ ಮುಖ್ಯವಾಗಿಸಿ ತೆಗೆದರೆ ಅದು ಸುದ್ದಿಚಿತ್ರ, ಏಕೆಂದರೆ 2014ರ ಸುಪ್ರೀಂ ಕೋರ್ಟ್ ತೀರ್ಪು, 2017ರ ರಾಜ್ಯದ ತಿದ್ದುಪಡಿ ಕಾಯ್ದೆ, ಅದನ್ನು ಎತ್ತಿಹಿಡಿದ 2023ರ ತೀರ್ಪು ಇವೆಲ್ಲವೂ ಪ್ರಾಣಿಗಳನ್ನು ಹೇಗೆ ನಡೆಸಿಕೊಳ್ಳಲಾಗುತ್ತಿದೆ ಎಂಬ ಪ್ರಶ್ನೆಯ ಸುತ್ತ ತಿರುಗಿದವು. ಯಾವ ವಿಭಾಗಕ್ಕೆಂದು ತೆಗೆಯುತ್ತಿದ್ದೇನೆ ಎಂಬ ಅರಿವು ಕ್ಯಾಮೆರಾ ಎತ್ತುವಾಗಲೇ ಇರಬೇಕು. ಮನೆಗೆ ಬಂದು ಫೋಲ್ಡರಿಗೆ ಹೆಸರಿಡುವಾಗ ಹುಟ್ಟಿದರೆ ತಡವಾಯಿತು.

ಪ್ರಶ್ನೆ: ಯಾವ ಯಾವ ವಿಭಾಗಗಳು ಇರಲೇಬೇಕು?

ಎಲ್ಲರೂ ಒಪ್ಪಿದ ಒಂದೇ ಪಟ್ಟಿ ಇಲ್ಲ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಶಾಲೆ ದಶಕಗಳಿಂದ ನಡೆಸಿಕೊಂಡು ಬಂದಿರುವ ‘ಕಾಲೇಜ್ ಫೋಟೊಗ್ರಾಫರ್ ಆಫ್ ದ ಇಯರ್’ ಸ್ಪರ್ಧೆ ಹೊರದೇಶಗಳ ವಿದ್ಯಾರ್ಥಿಗಳಿಗೂ ತೆರೆದಿದ್ದು, ಅಲ್ಲಿ ಸುದ್ದಿ, ನುಡಿಚಿತ್ರ, ವ್ಯಕ್ತಿಚಿತ್ರ, ಕ್ರೀಡೆ ಎಂಬ ವಿಂಗಡಣೆ ಕಾಣುತ್ತದೆ. ಆಮ್‌ಸ್ಟರ್‌ಡ್ಯಾಮಿನ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆ ಮಾತ್ರ ಹಿಂದೆ ಇದ್ದ ವಿಷಯವಾರು ವಿಭಾಗಗಳನ್ನು ಕೈಬಿಟ್ಟು, ಬಿಡಿಚಿತ್ರ, ಕಥನ, ದೀರ್ಘಕಾಲದ ಕೆಲಸ ಎಂದು ಸ್ವರೂಪದ ಮೇಲೆ ವಿಂಗಡಿಸತೊಡಗಿದೆ. ನಮ್ಮ ಪತ್ರಿಕಾ ಕಚೇರಿಗಳಿಗೆ ಹೋಗುವ ವಿದ್ಯಾರ್ಥಿಗೆ ತಕ್ಷಣದ ಸುದ್ದಿ (ಅನಿರೀಕ್ಷಿತ ಘಟನೆ), ಸಾಮಾನ್ಯ ಸುದ್ದಿ (ಮೊದಲೇ ಗೊತ್ತಿರುವ ಧರಣಿ, ಸಭೆಯಂಥದು), ನುಡಿಚಿತ್ರ, ವ್ಯಕ್ತಿಚಿತ್ರ, ಕ್ರೀಡೆ ಈ ಐದರಿಂದ ಬಿಡಿಚಿತ್ರಗಳೂ, ಜೊತೆಗೆ ಒಂದು ಚಿತ್ರಕಥನವೂ ಇದ್ದರೆ ಸಾಕು.

ಪ್ರಶ್ನೆ: ತಕ್ಷಣದ ಸುದ್ದಿ ವಿದ್ಯಾರ್ಥಿಗೆ ಸಿಗುವುದು ಹೇಗೆ? ಅಪಘಾತ, ಬೆಂಕಿ ಹುಡುಕಿಕೊಂಡು ಹೋಗಲು ಸಾಧ್ಯವೇ?

ಹುಡುಕಿಕೊಂಡು ಹೋಗಬೇಡಿ. ಮೊದಲ ಮಳೆಗೆ ಊರಿನ ಯಾವ ಅಂಡರ್‌ಪಾಸ್‌ನಲ್ಲಿ ನೀರು ನಿಲ್ಲುತ್ತದೆ, ಗಾಳಿಗೆ ಯಾವ ರಸ್ತೆಯ ಮರಗಳು ಉರುಳುತ್ತವೆ ಎಂಬುದು ಅಲ್ಲೇ ಓಡಾಡುವ ನಿಮಗೆ ಗೊತ್ತಿರುತ್ತದೆ. ಅಂಥ ಕಡೆ ಮೊದಲು ತಲಪುವುದೇ ವಿದ್ಯಾರ್ಥಿಗಿರುವ ಅನುಕೂಲ. ಗಾಯಗೊಂಡವರಿದ್ದರೆ ಮೊದಲು ಸಹಾಯ, ಆಮೇಲೆ ಚಿತ್ರ. ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ ದೂರ ನಿಲ್ಲಿ ಎಂದರೆ ದೂರ ನಿಂತು ತೆಗೆಯಿರಿ. ಈ ವಿಭಾಗದಲ್ಲಿ ನಿಮ್ಮ ಬಳಿ ಒಂದೂ ಒಳ್ಳೆಯ ಚಿತ್ರ ಇಲ್ಲದಿದ್ದರೆ ಖಾಲಿ ಬಿಡಿ. ಬೈಕ್ ಬಿದ್ದ ಜಾಗದಲ್ಲಿ ಗುಂಪು ಸೇರಿದವರ ಬೆನ್ನುಗಳನ್ನು ತೋರಿಸುವುದಕ್ಕಿಂತ ಅದೇ ಮೇಲು.

ಪ್ರಶ್ನೆ: ಪ್ರತಿಭಟನೆಗಳ ಚಿತ್ರಗಳೆಲ್ಲ ಒಂದೇ ಥರ ಕಾಣುತ್ತವೆ. ಏನು ಮಾಡಬೇಕು?

ಬೆಂಗಳೂರಿನಲ್ಲಿ ಈ ತೊಂದರೆಗೆ ಒಂದು ಸ್ಥಳೀಯ ಕಾರಣವೂ ಇದೆ. ಹಳೆಯ ಸೆಂಟ್ರಲ್ ಜೈಲಿನ ಜಾಗದಲ್ಲಿ ನಿರ್ಮಾಣವಾದ ಫ್ರೀಡಂ ಪಾರ್ಕಿಗೇ ಧರಣಿಗಳನ್ನು ಸೀಮಿತಗೊಳಿಸಿರುವುದರಿಂದ ಯಾರ ಬೇಡಿಕೆ ಏನೇ ಇದ್ದರೂ ಹಿನ್ನೆಲೆ ಒಂದೇ ಆಗುತ್ತದೆ. ವೇದಿಕೆಯ ಮುಂದೆ ಎಲ್ಲರೂ ನಿಂತು, ನಾಯಕರು ಮುಷ್ಟಿ ಎತ್ತಿದಾಗ ತೆಗೆಯುವ ಚಿತ್ರ ಮರುದಿನದ ಪತ್ರಿಕೆಗೆ ಬೇಕಾಗುತ್ತದೆ. ಪೋರ್ಟ್‌ಫೋಲಿಯೊಗೆ ಅದರಿಂದ ಏನೂ ಸೇರುವುದಿಲ್ಲ. ಧರಣಿ ಶುರುವಾಗುವ ಒಂದು ಗಂಟೆ ಮೊದಲು, ಇಲ್ಲವೇ ಮುಗಿದು ಎಲ್ಲರೂ ಬಸ್ಸಿಗೆ ಕಾಯುವಾಗ ಅಲ್ಲಿರಿ. ಹಿಂದಿನ ರಾತ್ರಿ ರೈಲಿನಲ್ಲಿ ಕಲಬುರಗಿ ಕಡೆಯಿಂದ ಬಂದ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಬುತ್ತಿ ಬಿಚ್ಚಿ ರೊಟ್ಟಿ ಹಂಚುವ ಚಿತ್ರದಲ್ಲಿ ಎಷ್ಟು ದೂರದಿಂದ ಬಂದರು, ಎಷ್ಟು ಹೊತ್ತು ಕೂತರು ಎಂಬುದೂ ಸೇರಿರುತ್ತದೆ. ಯಾರಾದರೂ ಕ್ಯಾಮೆರಾ ಕಂಡು ‘ಘೋಷಣೆ ಕೂಗಬೇಕೇನು?’ ಎಂದು ಕೇಳಿದರೆ ಬೇಡವೆನ್ನಿ. ನೀವು ಹೇಳಿ ಕೂಗಿಸಿದ ಘೋಷಣೆ ಸುದ್ದಿಯಾಗುವುದಿಲ್ಲ.

ಪ್ರಶ್ನೆ: ನುಡಿಚಿತ್ರಕ್ಕೂ ಬೀದಿ ಛಾಯಾಗ್ರಹಣಕ್ಕೂ ಏನು ವ್ಯತ್ಯಾಸ?

ಬೀದಿಯ ಚಿತ್ರಕ್ಕೆ ಬೆಳಕು ಮತ್ತು ಆಕಾರಗಳ ಸೊಗಸು ಸಾಕಾಗಬಹುದು. ನುಡಿಚಿತ್ರದಲ್ಲಿ ಇರುವವರು ಯಾರು, ಏನು ಮಾಡುತ್ತಿದ್ದಾರೆ ಎಂಬುದಕ್ಕೆ ಉತ್ತರ ಇರಬೇಕು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ನೋಡಿದರೆ ಇದು ಸುಲಭವಾಗಿ ತಿಳಿಯುತ್ತದೆ. ದೊಡ್ಡ ಸುದ್ದಿಗಳನ್ನೂ ತೆಗೆದ ಅವರು ಜನಮನದಲ್ಲಿ ಉಳಿದದ್ದು ಸಾಮಾನ್ಯ ಜನರ, ಅದರಲ್ಲೂ ಮಕ್ಕಳ, ದಿನನಿತ್ಯದ ಬದುಕಿನ ಚಿತ್ರಗಳಿಂದ. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡದ್ದೂ ಅವರು ತೆಗೆದ ಮಕ್ಕಳ ಚಿತ್ರಗಳೇ. ಅವುಗಳಲ್ಲಿ ವಿಚಿತ್ರವಾದ ಕೋನಗಳಿಲ್ಲ, ಕಣ್ಣು ಕುಕ್ಕುವ ತಂತ್ರವಿಲ್ಲ.

ಅಭ್ಯಾಸಕ್ಕೆ ಒಂದು ಜಾಗ ಹೇಳುವುದಾದರೆ, ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆ. ಹಗಲಿನಲ್ಲಿ ಅಲ್ಲಿ ಕ್ಯಾಮೆರಾಗಳೇ ಹೆಚ್ಚು. ನಸುಕಿನಲ್ಲಿ ಹೋದರೆ ಮೂಟೆಗಳ ಮೇಲೆಯೇ ಮಲಗಿ ಎದ್ದ ವ್ಯಾಪಾರಿಗಳು ರಾಶಿ ಸುರಿದು, ಸೇರು ಹೊಂದಿಸಿ, ಬೋಣಿಗೆ ಕಾಯುತ್ತಿರುತ್ತಾರೆ. ಅವರೊಂದಿಗೆ ಮಾತಾಡಿ, ಯಾವ ಊರಿನವರು, ಈ ವರ್ಷ ಬೆಳೆ ಹೇಗಿದೆ ಎಂದು ಕೇಳಿಕೊಳ್ಳಿ. ಕ್ಯಾಪ್ಶನ್ ಅಲ್ಲೇ ಸಿಗುತ್ತದೆ.

ಪ್ರಶ್ನೆ: ವ್ಯಕ್ತಿಚಿತ್ರದಲ್ಲಿ ಎಷ್ಟರಮಟ್ಟಿಗೆ ನಿರ್ದೇಶಿಸಬಹುದು?

ಎಲ್ಲಿ ಕೂರಬೇಕು, ಎತ್ತ ನೋಡಬೇಕು ಎಂದು ಹೇಳಬಹುದು. ಅವರು ಮಾಡದ ಕೆಲಸವನ್ನು ಮಾಡಿಸಬಾರದು. ಮಗ್ಗ ನಿಲ್ಲಿಸಿ ಹತ್ತು ವರ್ಷವಾದ ನೇಕಾರರನ್ನು ಮಗ್ಗದ ಮುಂದೆ ಕೂರಿಸಿ ಲಾಳಿ ಹಿಡಿಸಿದರೆ ಅದು ಸುಳ್ಳು; ನಿಂತ ಮಗ್ಗದ ಪಕ್ಕದಲ್ಲಿ ಸುಮ್ಮನೆ ಕೂತ ನೇಕಾರರು ನಿಜ, ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚು ಒಳ್ಳೆಯ ಚಿತ್ರ. ಬಿಳಿ ಗಡ್ಡದ ಸಾಧುಗಳು, ಸುಕ್ಕುಗಟ್ಟಿದ ಅಜ್ಜಿಯರು, ಕಪ್ಪು ಬಿಳುಪು, ಕಣ್ಣಂಚಿನ ನೀರು ಇವು ಪ್ರತಿ ವಿದ್ಯಾರ್ಥಿಯ ಫೋಲ್ಡರಿನಲ್ಲೂ ಇರುತ್ತವೆ, ಹೆಸರು ಕೇಳಿದರೆ ಮಾತ್ರ ಗೊತ್ತಿರುವುದಿಲ್ಲ. ಹೆಸರು ಗೊತ್ತಿಲ್ಲದವರ ವ್ಯಕ್ತಿಚಿತ್ರವನ್ನು ನಾನು ಪಕ್ಕಕ್ಕಿಡುತ್ತೇನೆ.

ಪ್ರಶ್ನೆ: ಕ್ರೀಡಾಚಿತ್ರಕ್ಕೆ ದುಬಾರಿ ಲೆನ್ಸ್ ಇಲ್ಲದೆ ಆಗುವುದಿಲ್ಲವೇ?

ಕ್ರಿಕೆಟ್‌ಗೆ ಆಗುವುದಿಲ್ಲ. ಬೌಂಡರಿ ಗೆರೆಯಿಂದ ಪಿಚ್ ಬಹಳ ದೂರ, ಚಿನ್ನಸ್ವಾಮಿ ಕ್ರೀಡಾಂಗಣದೊಳಗೆ ಮಾನ್ಯತೆಯ ಪಾಸ್ ಕೂಡ ವಿದ್ಯಾರ್ಥಿಗೆ ಸಿಗುವುದು ಕಷ್ಟ. ಆದರೆ ಕಬಡ್ಡಿ, ಕೊಕ್ಕೊ, ಕುಸ್ತಿ ಇವೆಲ್ಲ ನಿಮ್ಮ ಕಾಲ ಬುಡದಲ್ಲೇ ನಡೆಯುವ ಆಟಗಳು. 50 ಎಂಎಂ ಅಥವಾ 85 ಎಂಎಂ ಲೆನ್ಸ್ ಸಾಕು.

ಕಬಡ್ಡಿಯಲ್ಲಿ ನಿಲ್ಲುವ ಜಾಗವೇ ಅರ್ಧ ಚಿತ್ರ. ರೈಡರ್ ಮುನ್ನುಗ್ಗುವಾಗ ಅವನ ಮುಖ ಎದುರಾಳಿಗಳ ಕಡೆ ಇರುತ್ತದೆ. ಹಿಡಿತಕ್ಕೆ ಸಿಕ್ಕಿ ನಡುಗೆರೆ ಮುಟ್ಟಲು ಕೈ ಚಾಚಿ ಬೀಳುವಾಗ ಮುಖ ತನ್ನ ತಂಡದ ಕಡೆಗೆ ತಿರುಗುತ್ತದೆ, ಹಿಡಿದವರ ಮುಖಗಳೂ ಅವನ ಬೆನ್ನ ಹಿಂದೆ ಅದೇ ಕಡೆ ಕಾಣುತ್ತವೆ. ಹಾಗಾಗಿ ರೈಡರ್‌ನ ತಂಡದ ಹಿಂದಿನ ಗೆರೆಯಾಚೆ, ನೆಲಮಟ್ಟದಲ್ಲಿ ಕೂತವರಿಗೆ ಆ ಕ್ಷಣ ಪೂರ್ತಿ ಸಿಗುತ್ತದೆ. ಷಟರ್ ವೇಗ ಸೆಕೆಂಡಿನ 1/500ಕ್ಕಿಂತ ನಿಧಾನ ಬೇಡ. ಒಳಾಂಗಣವಾದರೆ ಬೆಳಕಿಗೆ ಕ್ಯಾಮೆರಾದ ಸಂವೇದನೆಯನ್ನು ಸೂಚಿಸುವ ಐಎಸ್‌ಒವನ್ನು 3200 ಅಥವಾ 6400ಕ್ಕೆ ಏರಿಸಿ, ಕಾಳುಕಾಳಾಗಿ ಕಂಡರೂ ಚಿಂತೆಯಿಲ್ಲ. ನಮ್ಮ ವಿದ್ಯುತ್ 50 ಹರ್ಟ್ಸ್ ಆದುದರಿಂದ ಹಲವು ಒಳಾಂಗಣ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಒಂದು ಚಿತ್ರ ಹಳದಿ, ಮುಂದಿನದು ಮಂಕು, ಮತ್ತೊಂದರಲ್ಲಿ ಅಡ್ಡಪಟ್ಟಿ ಬಂದರೆ ಕ್ಯಾಮೆರಾ ಕೆಟ್ಟಿದೆ ಎಂದುಕೊಳ್ಳಬೇಡಿ. ಮಿನುಗು ತಡೆಯುವ ಸೆಟ್ಟಿಂಗ್ ಇದ್ದರೆ ಹಾಕಿಕೊಳ್ಳಿ.

ಆಟದ ನಿಯಮ ಗೊತ್ತಿಲ್ಲದೆ ತೆಗೆದ ಚಿತ್ರ ಎಷ್ಟೇ ಚುರುಕಾಗಿದ್ದರೂ ಜಾಣರಿಗೆ ಗೊತ್ತಾಗಿಬಿಡುತ್ತದೆ. ಕಂಬಳದ ಕನೆಹಲಗೆ ವಿಭಾಗದಲ್ಲಿ ಗೆಲುವು ನಿರ್ಧಾರವಾಗುವುದು ವೇಗದಿಂದಲ್ಲ, ಕೋಣಗಳು ಎಳೆಯುವ ಹಲಗೆಯಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯ ಬಟ್ಟೆಯನ್ನು ಮುಟ್ಟಿತೇ ಎಂಬುದರಿಂದ. ನಿಶಾನೆಯನ್ನು ಚೌಕಟ್ಟಿನ ಹೊರಗೆ ಬಿಟ್ಟರೆ, ಪಂದ್ಯದ ಫಲಿತಾಂಶವನ್ನೇ ಹೊರಗೆ ಬಿಟ್ಟಂತೆ.

ಪ್ರಶ್ನೆ: ದಸರಾ, ಕರಗ, ಜಾತ್ರೆಗಳ ಚಿತ್ರಗಳನ್ನು ಸೇರಿಸಬಹುದೇ?

ಸೇರಿಸಬಹುದು, ಆದರೆ ಜಂಬೂ ಸವಾರಿಯ ದಿನ ಚಿನ್ನದ ಅಂಬಾರಿಯ ಚಿತ್ರ ಎಲ್ಲರ ಬಳಿಯೂ ಇರುತ್ತದೆ, ಮತ್ತು ಪಾಸ್ ಇರುವವರ ಚಿತ್ರ ನಿಮ್ಮದಕ್ಕಿಂತ ಚೆನ್ನಾಗಿರುತ್ತದೆ. ದಸರೆಗೆ ವಾರಗಳ ಮೊದಲೇ ಆನೆಗಳೊಂದಿಗೆ ಕಾಡಿನಂಚಿನ ಶಿಬಿರಗಳಿಂದ ಮಾವುತರು, ಕಾವಾಡಿಗಳು ಸಂಸಾರ ಸಮೇತ ಬಂದು ಅರಮನೆ ಆವರಣದಲ್ಲಿ ಬಿಡಾರ ಹೂಡುತ್ತಾರೆ. ಅವರ ಮಕ್ಕಳಿಗೆ ಅಲ್ಲೇ ಟೆಂಟ್ ಶಾಲೆ ನಡೆಯುತ್ತದೆ. ಅನುಮತಿ ಪಡೆದು ಅಲ್ಲಿ ಕೆಲವು ದಿನ ಕಳೆದರೆ ಸಿಗುವ ಚಿತ್ರಗಳು ಮೆರವಣಿಗೆಯ ಚಿತ್ರಗಳಿಗಿಂತ ಹೆಚ್ಚು ಹೇಳುತ್ತವೆ. ಬೆಂಗಳೂರು ಕರಗದಂಥ ರಾತ್ರಿಯ ಆಚರಣೆಯಲ್ಲಿ ಫ್ಲಾಶ್ ಬಳಸುವ ಮೊದಲು ಅಲ್ಲಿನವರನ್ನು ಕೇಳಿ. ಕತ್ತಲೆಯನ್ನು ಕತ್ತಲೆಯಾಗಿ ಬಿಟ್ಟ ಚಿತ್ರಕ್ಕೇ ಹೆಚ್ಚು ಬೆಲೆ.

ಪ್ರಶ್ನೆ: ಚಿತ್ರಕಥನದಲ್ಲಿ ಎಷ್ಟು ಚಿತ್ರಗಳಿರಬೇಕು? ಅದನ್ನು ಶುರು ಮಾಡುವುದು ಹೇಗೆ?

ಎಂಟರಿಂದ ಹನ್ನೆರಡು ಸಾಕು. ವಿದ್ಯಾರ್ಥಿಗಳು ಸಾಮಾನ್ಯವಾಗಿ ‘ನೇಕಾರರ ಬದುಕು’, ‘ಪೌರಕಾರ್ಮಿಕರು’ ಎಂದು ವಿಷಯ ಆರಿಸಿಕೊಳ್ಳುತ್ತಾರೆ. ಅವು ವಿಷಯಗಳು, ಕಥೆಗಳಲ್ಲ. ಒಬ್ಬ ವ್ಯಕ್ತಿ, ಒಂದು ಅವಧಿ, ಮತ್ತು ಆ ಅವಧಿಯಲ್ಲಿ ಏನೋ ಒಂದು ಬದಲಾಗುವ ಸಾಧ್ಯತೆ ಇದ್ದರೆ ಕಥೆಯಾಗುತ್ತದೆ: ಮೈಸೂರಿನ ಗರಡಿಮನೆಯೊಂದರ ಹುಡುಗ ದಸರಾ ಕುಸ್ತಿಗೆ ಎರಡು ತಿಂಗಳು ತಯಾರಾಗುವುದು, ಊರಿನ ಕೊನೆಯ ಟೂರಿಂಗ್ ಟಾಕೀಸ್ ಮುಚ್ಚುವ ವಾರ, ಹಾಸ್ಟೆಲ್ ಸೇರಿದ ಹುಡುಗಿಯ ಮೊದಲ ಸೆಮಿಸ್ಟರ್.

ಗರಡಿಯ ಉದಾಹರಣೆಯನ್ನೇ ಮುಂದುವರಿಸೋಣ. ಮೊದಲ ದಿನ ಕ್ಯಾಮೆರಾ ಚೀಲದಲ್ಲೇ ಇರಲಿ. ಉಸ್ತಾದರ ಅನುಮತಿ ಕೇಳಿ, ಕೂತು ನೋಡಿ. ಮೊದಲ ವಾರ ಎಲ್ಲರೂ ನಿಮಗಾಗಿ ಗದೆ ಎತ್ತಿ ನಿಲ್ಲುತ್ತಾರೆ. ಆ ಚಿತ್ರಗಳನ್ನು ತೆಗೆದುಕೊಡಿ, ಪ್ರಿಂಟ್ ಹಾಕಿಸಿ ಹಂಚಿ, ಅವು ಕಥನಕ್ಕಲ್ಲ ಎಂಬುದು ನಿಮಗೆ ಗೊತ್ತಿರಲಿ. ಎರಡನೆಯ ವಾರದಿಂದ ನೀವು ಅಲ್ಲಿರುವುದನ್ನು ಅವರು ಮರೆಯುತ್ತಾರೆ. ಕೆಮ್ಮಣ್ಣಿನ ಅಖಾಡದ ಪೂರ್ಣ ನೋಟ, ಪಟ್ಟು ಕಲಿಯುವ ಮಧ್ಯದ ನೋಟ, ಮಣ್ಣು ಮೆತ್ತಿದ ಕಿವಿ ಅಥವಾ ಬೆರಳುಗಳ ಹತ್ತಿರದ ನೋಟ ಇವು ಬೇಕೇ ಬೇಕು. ಆದರೆ ಹುಡುಗ ಅಖಾಡದಿಂದ ಹೊರಗೆ ಏನಾಗಿದ್ದಾನೆ ಎಂಬುದು ಇಲ್ಲದಿದ್ದರೆ ಕಥನ ನಿಂತಲ್ಲೇ ನಿಲ್ಲುತ್ತದೆ. ಹಾಲು, ಬಾದಾಮಿ, ಮೊಟ್ಟೆಯ ಖರ್ಚನ್ನು ಮನೆಯವರು ಹೇಗೆ ಹೊಂದಿಸುತ್ತಾರೆ ಎಂಬುದನ್ನು ತೋರಿಸಲು ಅವನ ಅಡುಗೆಮನೆಗೆ ಹೋಗಬೇಕು, ಅಲ್ಲಿಗೆ ಹೋಗಲು ಅವನ ತಾಯಿಯ ಒಪ್ಪಿಗೆ ಬೇಕು. ಕೊನೆಗೆ ಅವನು ಪಂದ್ಯ ಸೋತರೆ ಸೋತದ್ದನ್ನೇ ತೋರಿಸಿ.

ಜೋಡಿಸುವಾಗ ಚಿತ್ರಗಳನ್ನು ಸಣ್ಣದಾಗಿ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ. ಒಂದೇ ಮಾತನ್ನು ಎರಡು ಚಿತ್ರ ಹೇಳುತ್ತಿದ್ದರೆ ಒಂದನ್ನು ತೆಗೆಯಿರಿ, ಅದು ನಿಮ್ಮ ಮೆಚ್ಚಿನದಾದರೂ ಸರಿ.

ಪ್ರಶ್ನೆ: ಕ್ಯಾಪ್ಶನ್‌ನಲ್ಲಿ ಏನಿರಬೇಕು?

ಯಾರು, ಏನು, ಎಲ್ಲಿ, ಯಾವಾಗ ಎಂಬುದು ಮೊದಲ ವಾಕ್ಯದಲ್ಲಿ. ಚಿತ್ರದಲ್ಲಿ ಕಾಣದ ಹಿನ್ನೆಲೆ ಎರಡನೆಯದರಲ್ಲಿ. ‘ಬದುಕಿನ ಬಂಡಿ’, ‘ಮುಪ್ಪಿನ ಮೌನ’ ಇಂಥವು ಕ್ಯಾಪ್ಶನ್‌ಗಳಲ್ಲ. 2015ರಲ್ಲಿ ವರ್ಲ್ಡ್ ಪ್ರೆಸ್ ಫೋಟೊ ಒಂದು ಕಥನಕ್ಕೆ ಕೊಟ್ಟ ಪ್ರಥಮ ಬಹುಮಾನವನ್ನು ಹಿಂದಕ್ಕೆ ಪಡೆಯಿತು. ಬೆಲ್ಜಿಯಂನ ಶಾರ್ಲರ್ವಾ ಪಟ್ಟಣದ ಬಗೆಗಿನ ಆ ಕಥನದ ಒಂದು ಚಿತ್ರವನ್ನು ತೆಗೆದದ್ದು ಅಲ್ಲಿ ಅಲ್ಲ, ಬ್ರಸೆಲ್ಸ್‌ನ ಮೋಲೆನ್‌ಬೀಕ್‌ನಲ್ಲಿ ಎಂಬುದು ಗೊತ್ತಾದದ್ದೇ ಕಾರಣ. ಒಂದು ಊರಿನ ಹೆಸರು ತಪ್ಪಿದ್ದಕ್ಕೆ ಇಡೀ ಕಥನ ಬಿತ್ತು.

ಹೆಸರು, ಊರು, ವಯಸ್ಸು, ಫೋನ್ ಸಂಖ್ಯೆಯನ್ನು ಸ್ಥಳದಲ್ಲೇ ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳಿ, ಹೆಸರಿನ ಕಾಗುಣಿತವನ್ನು ಅವರಿಗೇ ತೋರಿಸಿ ಖಚಿತಪಡಿಸಿಕೊಳ್ಳಿ. ಮನೆಗೆ ಬಂದೊಡನೆ ಚಿತ್ರದ ಕಡತದೊಳಗಿನ ಐಪಿಟಿಸಿ ಮಾಹಿತಿಯಲ್ಲಿ (ಕ್ಯಾಪ್ಶನ್, ಹೆಸರು, ಸ್ಥಳವನ್ನು ಕಡತದ ಜೊತೆಗೇ ಉಳಿಸುವ ಜಾಗ) ಫೋನ್ ಸಂಖ್ಯೆ ಬಿಟ್ಟು ಉಳಿದದ್ದನ್ನು ತುಂಬಿ. ಕನ್ನಡ ಪತ್ರಿಕೆಗೆ ಕನ್ನಡದಲ್ಲೇ ಬರೆಯಿರಿ. ಸುದ್ದಿಸಂಸ್ಥೆಗೋ ಹೊರದೇಶದ ಸ್ಪರ್ಧೆಗೋ ಆದರೆ ಇಂಗ್ಲಿಷ್ ಬೇಕು, ಅಲ್ಲಿ ಕಂಬಳ, ಗರಡಿ, ಪರಿಷೆ ಎಂಬ ಪದಗಳನ್ನು ಹಾಗೇ ಉಳಿಸಿ ಒಂದು ಸಾಲಿನಲ್ಲಿ ವಿವರಿಸಿದರೆ ಸಾಕು.

ಪ್ರಶ್ನೆ: ಕಂಪ್ಯೂಟರಿನಲ್ಲಿ ಚಿತ್ರವನ್ನು ಎಷ್ಟು ತಿದ್ದಬಹುದು?

ಬೆಳಕು, ಬಣ್ಣದ ಸಮತೋಲ, ಮಿತವಾದ ಕತ್ತರಿಕೆ (ಕ್ರಾಪ್), ಸೆನ್ಸರ್ ಮೇಲಿನ ಧೂಳಿನ ಚುಕ್ಕೆ ಇಷ್ಟಕ್ಕೆ ನಿಲ್ಲಿಸಿ. ಇದ್ದುದನ್ನು ಅಳಿಸುವುದು, ಇಲ್ಲದ್ದನ್ನು ಸೇರಿಸುವುದು ಎರಡೂ ಸಲ್ಲದು. 2006ರಲ್ಲಿ ಬೈರೂತ್‌ನ ಮೇಲೆ ಎದ್ದ ಹೊಗೆಯನ್ನು ದಟ್ಟಗೊಳಿಸಿದ ಚಿತ್ರವೊಂದು ಸಿಕ್ಕಿಬಿದ್ದಾಗ ರಾಯಿಟರ್ಸ್ ಆ ಛಾಯಾಗ್ರಾಹಕರ 920 ಚಿತ್ರಗಳನ್ನೂ ತನ್ನ ಸಂಗ್ರಹದಿಂದ ತೆಗೆದುಹಾಕಿತು. 2014ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸಿರಿಯಾದಿಂದ ಚಿತ್ರ ಕಳುಹಿಸುತ್ತಿದ್ದ, ಪುಲಿಟ್ಜರ್ ಪಡೆದ ತಂಡದಲ್ಲಿದ್ದ ಛಾಯಾಗ್ರಾಹಕರೊಬ್ಬರೊಂದಿಗೆ ಸಂಬಂಧ ಕಡಿದುಕೊಂಡಿತು. ಅವರು ಅಳಿಸಿದ್ದು ಚೌಕಟ್ಟಿನ ಮೂಲೆಯಲ್ಲಿ ಬಿದ್ದಿದ್ದ ಸಹೋದ್ಯೋಗಿಯ ವಿಡಿಯೊ ಕ್ಯಾಮೆರಾವನ್ನು ಮಾತ್ರ. 2015ರ ವರ್ಲ್ಡ್ ಪ್ರೆಸ್ ಫೋಟೊದಲ್ಲಿ ಕೊನೆಯ ಸುತ್ತಿನ ಹಿಂದಿನ ಹಂತ ತಲಪಿದ್ದವುಗಳಲ್ಲಿ ಶೇ 20ರಷ್ಟು ತಿದ್ದುವಿಕೆಯ ಕಾರಣಕ್ಕೇ ಹೊರಬಿದ್ದವು. ಈಗ ಫೋನಿನಲ್ಲೇ ಬೆರಳಾಡಿಸಿ ವಿದ್ಯುತ್ ತಂತಿಯನ್ನು ಮಾಯ ಮಾಡಬಹುದು. ತಂತಿ ಇದ್ದ ಊರಿನಲ್ಲಿ ತಂತಿ ಇರಲಿ.

ಪ್ರಶ್ನೆ: ಮಕ್ಕಳ, ಸಂತ್ರಸ್ತರ ಚಿತ್ರಗಳ ಬಗ್ಗೆ ಕಾನೂನು ಏನು ಹೇಳುತ್ತದೆ?

2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಅಥವಾ ರಕ್ಷಣೆ ಬೇಕಾದ ಮಕ್ಕಳ ಗುರುತು ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಕಲಂ, ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಲೈಂಗಿಕ ಅಪರಾಧಗಳ ಸಂತ್ರಸ್ತರ ವಿಷಯದಲ್ಲಿ ಇದನ್ನೇ ಹೇಳುತ್ತವೆ. ಮುಖ ಮಸುಕು ಮಾಡಿದರೆ ಮುಗಿಯಲಿಲ್ಲ; ಶಾಲೆಯ ಸಮವಸ್ತ್ರ, ಮನೆಯ ಬಾಗಿಲು, ಅಪ್ಪನ ಅಂಗಡಿಯ ಬೋರ್ಡು ಇವುಗಳಿಂದಲೂ ಗುರುತು ಸಿಗುತ್ತದೆ. ಕಾನೂನು ತಡೆಯದ ಸಂದರ್ಭದಲ್ಲೂ ಹೆತ್ತವರನ್ನು ಕೇಳಿ, ಬೇಡ ಎಂದರೆ ಬಿಡಿ.

ಪ್ರಶ್ನೆ: ಮೊಬೈಲ್‌ನಲ್ಲಿ ತೆಗೆದ ಚಿತ್ರ ನಡೆಯುತ್ತದೆಯೇ?

ನಡೆಯುತ್ತದೆ. ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಮಾತ್ರ ಬೇಡ. ಆ ಮಸುಕು ಲೆನ್ಸಿನದಲ್ಲ, ಲೆಕ್ಕಾಚಾರದ್ದು.

ಪ್ರಶ್ನೆ: ಒಟ್ಟು ಎಷ್ಟು ಚಿತ್ರಗಳು, ಯಾವ ಕ್ರಮದಲ್ಲಿ?

ಬಿಡಿಚಿತ್ರಗಳು ಹದಿನೈದು, ಒಂದು ಚಿತ್ರಕಥನ. ಇಪ್ಪತ್ತೈದು ಬಿಡಿಚಿತ್ರ ತಂದವರು ಆಯ್ಕೆ ಮಾಡಲು ಬಾರದವರೆಂದು ನಾನು ಭಾವಿಸುತ್ತೇನೆ, ಇದು ಸ್ವಲ್ಪ ಕಠಿಣವಾದ ಮಾತೇ ಇರಬಹುದು. ನೋಡುವವರ ನೆನಪಿನಲ್ಲಿ ಉಳಿಯುವುದು ಅತ್ಯಂತ ದುರ್ಬಲವಾದ ಚಿತ್ರ, ಅದನ್ನು ನೀವೇ ಮೊದಲು ಕಂಡುಹಿಡಿದು ತೆಗೆಯಬೇಕು. ಮೊದಲಲ್ಲೂ ಕೊನೆಯಲ್ಲೂ ಗಟ್ಟಿಯಾದ ಚಿತ್ರಗಳಿರಲಿ. ನಡುವೆ ಸುದ್ದಿಯ ಪಕ್ಕ ಸುದ್ದಿ ಇಡದೆ, ಗದ್ದಲದ ಚಿತ್ರದ ನಂತರ ಮೌನದ್ದನ್ನು ಇಡಿ. ಚಿತ್ರದ ಉದ್ದನೆಯ ಬದಿ 2000 ಪಿಕ್ಸೆಲ್‌ಗೆ ಇಳಿಸಿದ ಜೆಪೆಗ್ ಸಾಕು. ಚಿತ್ರದ ಮೇಲೆ ದೊಡ್ಡ ಅಕ್ಷರದಲ್ಲಿ ‘ಫೋಟೊಗ್ರಫಿ’ ಎಂದು ನಿಮ್ಮ ಹೆಸರಿನೊಂದಿಗೆ ಮುದ್ರೆ ಒತ್ತಬೇಡಿ.

ಪ್ರಶ್ನೆ: ಇಂಟರ್ನ್‌ಶಿಪ್‌ನಲ್ಲಿ ತೆಗೆದ ಚಿತ್ರಗಳು ಯಾರ ಸ್ವತ್ತು?

ಹೋಗುವ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಪತ್ರಿಕೆಯ ನೌಕರಿಯಲ್ಲಿದ್ದು ತೆಗೆದ ಚಿತ್ರವನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದ್ದು, ಉಳಿದ ಹಕ್ಕು ತೆಗೆದವರದ್ದು. ಹಣ ಕೊಟ್ಟು ಯಾರಾದರೂ ತೆಗೆಸಿಕೊಂಡ ಚಿತ್ರದ ಮೊದಲ ಒಡೆತನ ಹಣ ಕೊಟ್ಟವರದ್ದು. ಖರ್ಚಿಗೆಂದು ಮಾಡಿದ ಮದುವೆ ಮನೆಯ ಕೆಲಸದ ಚಿತ್ರಗಳನ್ನು ನುಡಿಚಿತ್ರವೆಂದು ಪೋರ್ಟ್‌ಫೋಲಿಯೊಗೆ ಸೇರಿಸುವವರು ಇದನ್ನು ಗಮನಿಸಬೇಕು. ಯಾವುದೇ ಚಿತ್ರದ ಬಗ್ಗೆ ತಕರಾರು ಬಂದಾಗ ತೋರಿಸಲು ಕ್ಯಾಮೆರಾದಿಂದ ಬಂದ ಮೂಲ ಕಡತ, ಅದರ ಹಿಂದಿನ ಮುಂದಿನ ಚಿತ್ರಗಳ ಸಮೇತ, ಎರಡು ಬೇರೆ ಬೇರೆ ಡಿಸ್ಕ್‌ಗಳಲ್ಲಿ ನಿಮ್ಮ ಬಳಿ ಇರಲಿ, ಮತ್ತು ಆ ಎರಡರಲ್ಲಿ ಒಂದು ನಿಮ್ಮ ಹಾಸ್ಟೆಲ್ ಕೋಣೆಯ ಹೊರಗಿರಲಿ.